ಸಾಂತಾ ಓಲಾಯಾದವರ ಮೊಣಕೈ

ಎಂಟನೇ ಬೀದಿಯ ಕಾಫಿ ಕಿಟಕಿಯ ಮುಂದೆ ನಿಂತು ಪುಟ್ಟ ಕಪ್ಪಿನಲ್ಲಿ ಕಾಫಿ ಹೀರುವ ಯಾರನ್ನು ಬೇಕಾದರೂ ಕೇಳಿ, ಒನೇಲಿಯೋ ಬಾರ್ಕಿನ್ ಯಾರ ಅನ್ನ ತಿನ್ನುತ್ತಾನೆ ಎಂದು ಥಟ್ಟನೆ ಹೇಳಿಬಿಡುತ್ತಿದ್ದರು. ಗುಟ್ಟಂತೆ ಗುಟ್ಟು! ಮಯಾಮಿಯಲ್ಲಿ ಗುಟ್ಟಾಗಿ ಕೆಲಸ ಮಾಡುವವರನ್ನೇ ಊರೆಲ್ಲ ಹೆಸರು ಹಿಡಿದು ಕರೆಯುತ್ತಿತ್ತು. ಅಮೆರಿಕ ಸರ್ಕಾರದ ಬೇಹುಗಾರರಿಗೆ ಅಲ್ಲಿನ ಕ್ಯೂಬನ್ನರು ಇಟ್ಟ ಹೆಸರು ‘ಕಂಪನಿ’. ಆ ಕಂಪನಿಯ ಕಿವಿಯಾಗಿ ಒನೇಲಿಯೋ ಡಾಮಿನೋ ಆಡುವ ಮೇಜುಗಳಲ್ಲಿ, ಕ್ಷೌರದಂಗಡಿಯ ಬೆಂಚುಗಳಲ್ಲಿ, ಸತ್ತವರ ಮನೆಯ ಜಗಲಿಗಳಲ್ಲಿ ಕೂತು ಯಾರು ಏನಂದರು ಎಂದು ಕೇಳಿಸಿಕೊಂಡು ಬಂದು ಒಪ್ಪಿಸುತ್ತಿದ್ದ. ಅವನು ಬಂದ ಕೂಡಲೇ ಜನ ಬೇಕೆಂದೇ ಜೋರಾಗಿ ಸೊಳ್ಳೆಗಳ ಬಗ್ಗೆ ಮಾತಾಡುತ್ತಿದ್ದರು. ಅವನೂ ಹೋಗಿ ಸೊಳ್ಳೆಗಳ ಬಗ್ಗೆ ಒಪ್ಪಿಸುತ್ತಿದ್ದ.

ಹಾಗೆಂದು ಅವನು ಕೆಟ್ಟವನೇನಲ್ಲ. ತನ್ನ ಕ್ಯೂಬಾ ದೇಶವನ್ನು ಅಲ್ಲಿನ ಹೊಸ ಸರ್ಕಾರದಿಂದ ಬಿಡಿಸಿಕೊಳ್ಳುತ್ತೇವೆಂದು ಹಡಗು ಹತ್ತಿ ದಂಡೆತ್ತಿ ಹೋದವರಲ್ಲಿ ಅವನೂ ಒಬ್ಬ. ಕಡಲ ಮರಳಿನ ಮೇಲೆಯೇ ಸೆರೆ ಸಿಕ್ಕ, ಜೈಲು ಕಂಡ. ಕೊನೆಗೆ ದೊಡ್ಡವರು ದೊಡ್ಡವರು ಮಾತಾಡಿಕೊಂಡು ಬಿಡಿಸಿದಾಗ ಜೈಲಿನ ಬಾಗಿಲಿನಿಂದ ನೇರ ವಿಮಾನದ ಬಾಗಿಲಿಗೆ ತಂದು ತಳ್ಳಿದರು. ತಾಯಿಯ ಮುಖ ನೋಡಲೂ ಬಿಡಲಿಲ್ಲ. ತಾಯಿ ಕಸಿಲ್ದಾ ಸಾಂತಾ ಓಲಾಯಾ ಎಂಬ ಸಣ್ಣ ಊರಿನಲ್ಲಿ ಬಟ್ಟೆ ಹೊಲಿಯುತ್ತ ಒಬ್ಬಳೇ ಉಳಿದಳು. ದಿನವೂ ವಿಮಾನಗಳು ಅಲ್ಲಿಂದ ಜನರನ್ನು ತುಂಬಿಕೊಂಡು ಬರುತ್ತಿದ್ದವು, ನಿಜ. ಆದರೆ ದಂಡೆತ್ತಿ ಬಂದವನ ತಾಯಿಗೆ ಆ ವಿಮಾನದಲ್ಲಿ ಜಾಗವಿಲ್ಲ ಎಂದು ಅಲ್ಲಿನ ಕಚೇರಿಯವರು ಮುಖಕ್ಕೆ ಹೊಡೆದಂತೆ ಹೇಳಿದ್ದರು. ಅವಳು ಬರಬೇಕಾದರೆ ಮೆಕ್ಸಿಕೋ ದಾರಿಯಾಗಿ, ಕಂಪನಿಯ ಕೃಪೆಯಿಂದ ಬರಬೇಕು. ಒನೇಲಿಯೋ ಕಿವಿಯಾದದ್ದು ಆ ಒಂದು ಆಸೆಗೆ.

ಅರವತ್ತೇಳರ ಆ ವರ್ಷ ಕಂಪನಿಯ ನಿದ್ದೆ ಹಾರಿಹೋಗಿತ್ತು. ಬೇರೆ ರಾಜ್ಯದ ಸರ್ಕಾರಿ ವಕೀಲನೊಬ್ಬ ನಾಲ್ಕು ವರ್ಷದ ಹಿಂದೆ ಕೊಲೆಯಾದ ಅಮೆರಿಕದ ಅಧ್ಯಕ್ಷರ ವಿಷಯ ಮತ್ತೆ ಕೆದಕಿದ್ದ. ಇದು ಒಬ್ಬನ ಕೆಲಸವಲ್ಲ, ಪಿತೂರಿ, ಅದರಲ್ಲಿ ಮಯಾಮಿಯ ಕ್ಯೂಬನ್ನರ ಕೈಯಿದೆ, ಅವರನ್ನು ಸಾಕಿದವರ ಕೈಯೂ ಇದೆ ಎಂದು ಪತ್ರಿಕೆಯವರ ಮುಂದೆ ಆಪಾದಿಸಿದ್ದ. ನಿಜವೋ ಸುಳ್ಳೋ ದೇವರಿಗೇ ಗೊತ್ತು. ಆದರೆ ಕಂಪನಿಗೆ ಬೆವರಿಳಿಯಿತು. ಏಕೆಂದರೆ ಇಷ್ಟು ವರ್ಷ ಅದು ಎಷ್ಟು ಗುಂಪುಗಳಿಗೆ ಕೂಳು ಹಾಕಿತ್ತು, ಯಾವ ಗುಂಪು ಯಾವ ಗುಂಪಿನ ಜೊತೆ ಸೇರಿ ಏನು ಮಸಲತ್ತು ಮಾಡುತ್ತಿತ್ತು ಎಂದು ಅದಕ್ಕೇ ಸರಿಯಾಗಿ ನೆನಪಿರಲಿಲ್ಲ. ಆ ವಕೀಲ ಬಂದು ಬಾಗಿಲು ತಟ್ಟುವ ಮೊದಲು ನಮ್ಮ ಮನೆ ನಾವೇ ಗುಡಿಸಿಕೊಳ್ಳೋಣ ಎಂದು ಮಯಾಮಿಯ ಮೂಲೆಮೂಲೆಗೂ ಬೆಳಕು ಬಿಟ್ಟು ನೋಡತೊಡಗಿತು. ಹಾಗೆ ನೋಡುವಾಗ ಕಣ್ಣಿಗೆ ಬಿದ್ದವರು ಸಾಂತಾ ಓಲಾಯಾದವರು.

ಒನೇಲಿಯೋನ ಮೇಲಿನವನು ಪ್ರೆಸ್ಕಾಟ್ ಎಂಬ ತೆಳ್ಳನೆಯ ಅಮೆರಿಕನ್ನ. ನದಿಯ ದಂಡೆಯಲ್ಲಿ ಕಾರು ನಿಲ್ಲಿಸಿ, ಸೆಪ್ಟೆಂಬರಿನ ಸೆಕೆಯಲ್ಲಿ ಕಿಟಕಿ ಏರಿಸಿಕೊಂಡು, ಒನೇಲಿಯೋನ ತೊಡೆಯ ಮೇಲೆ ಫೋಟೊಗಳನ್ನು ಹಾಕಿದ.

“ನಿಮ್ಮೂರವ್ರೇ ತಾನೆ ಇವ್ರು?”

ಫೋಟೊದಲ್ಲಿ ಮುಚ್ಚಿಹೋದ ಒಂದು ದೊಡ್ಡ ದಿನಸಿ ಅಂಗಡಿಯ ಹಿಂದೆ, ಕಾರು ನಿಲ್ಲಿಸುವ ಖಾಲಿ ಬಯಲಿನಲ್ಲಿ ಜನ ನಡೆಯುತ್ತಿದ್ದರು. ಹೆಂಗಸರು ಹೊರಗಿನ ಸುತ್ತಿನಲ್ಲಿ ಒಂದು ದಿಕ್ಕಿಗೆ, ಗಂಡಸರು ಒಳಗಿನ ಸುತ್ತಿನಲ್ಲಿ ಅದಕ್ಕೆ ಎದುರು ದಿಕ್ಕಿಗೆ. ಒಂದೊಂದು ಮುಖವೂ ಒನೇಲಿಯೋಗೆ ಗೊತ್ತಿದ್ದದ್ದೇ. ಎಷ್ಟೋ ವರ್ಷದಿಂದ ಅವನು ಊರಿನವರ ಕಣ್ಣು ತಪ್ಪಿಸಿಕೊಂಡು ಓಡಾಡಿದ್ದ. ಮಾಡುವ ಕೆಲಸಕ್ಕೆ ನಾಚಿಕೆಪಟ್ಟು.

“ಇದು ನಮ್ಮೂರಿನ ಭಾನುವಾರದ ಸುತ್ತು ಸರ್,” ಎಂದ. “ಸಂಜೆ ಪಾರ್ಕಲ್ಲಿ ಬ್ಯಾಂಡ್ ಬಾರಿಸ್ತಾರೆ, ಜನ ಸುತ್ತು ಹಾಕ್ತಾರೆ. ಹುಡುಗೀರು ಹೀಗೆ, ಹುಡುಗ್ರು ಹಾಗೆ. ಎದುರಾದಾಗ ಮುಖ ನೋಡ್ಬೋದಲ್ಲ, ಅದಕ್ಕೆ. ನಮ್ಮಪ್ಪ ಅಮ್ಮನ ಮದ್ವೆ ಆಗಿದ್ದೂ ಹಾಗೇನೇ.”

“ಅಷ್ಟು ನಂಗೂ ಗೊತ್ತು. ನಾನೇನು ಕಡಲೆಪುರಿ ತಿನ್ನೋಕೆ ಬಂದಿಲ್ಲ ಇಲ್ಲಿ. ಮೊಣಕೈ ನೋಡು.”

ಒನೇಲಿಯೋ ಬಗ್ಗಿ ನೋಡಿದ. ನಡೆಯುತ್ತಿದ್ದವರಲ್ಲಿ ಬಹಳ ಮಂದಿ ಒಂದು ಕೈಯನ್ನು ಮಡಚಿ, ಮೊಣಕೈಯನ್ನು ಹೊರಕ್ಕೆ ಚಾಚಿಕೊಂಡಿದ್ದರು. ಪಕ್ಕದಲ್ಲಿ ಯಾರೂ ಇರಲಿಲ್ಲ.

“ಕೆಲವ್ರು ಎಡಗೈ, ಕೆಲವ್ರು ಬಲಗೈ,” ಪ್ರೆಸ್ಕಾಟ್ ಬೆರಳು ಮಡಚಿದ. “ಅದು ಒಂದು. ಬ್ಯಾಂಡ್ ಅಂದ್ಯಲ್ಲ, ಎಲ್ಲಿದೆ ಬ್ಯಾಂಡು? ಒಬ್ಬ ದಪ್ಪನೆ ಮನುಷ್ಯ ಹೆಗಲ ಮೇಲೆ ಆ ದೊಡ್ಡ ಹಿತ್ತಾಳೆ ಕಹಳೆ ಹೊತ್ಕೊಂಡು ‘ಪೋಂ’ ಅಂತಾನೆ. ಆಮೇಲೆ ಸುಮ್ನಾಗ್ತಾನೆ. ಆಮೇಲೆ ‘ಪೋಂ ಪೋಂ’. ಮತ್ತೆ ಸುಮ್ನೆ. ಅದನ್ನ ಟೇಪ್ ಮಾಡಿ ಸಂಕೇತ ಬಿಡಿಸೋರಿಗೆ ಕಳಿಸಿದ್ವಿ. ಇಬ್ರು ಮೂರು ವಾರದಿಂದ ತಲೆ ಕೆಡಿಸ್ಕೊಂಡಿದಾರೆ. ಮೂರನೇದು, ಬೇಸಿಗೆಯಿಡೀ ಆರು ಗಂಟೆಗೆ ಸೇರ್ತಿದ್ದೋರು ಈ ತಿಂಗಳು ಇದ್ದಕ್ಕಿದ್ದ ಹಾಗೆ ಏಳಕ್ಕೆ ಸೇರ್ತಿದಾರೆ. ಯಾಕೆ? ಯಾರು ಹೇಳಿದ್ರು?”

“ನಂಗೊತ್ತಿಲ್ಲ ಸರ್.”

“ತಿಳ್ಕೊಂಡು ಬಾ. ಇದರ ನಡೂಮಧ್ಯೆ ಇರೋನು ಈ ಮುದುಕ.” ಅವನ ಬೆರಳು ಹ್ಯಾಟು ಹಾಕಿಕೊಂಡ ಒಬ್ಬ ಸಣಕಲ ವೃದ್ಧನ ಮೇಲೆ ನಿಂತಿತು. “ಆರ್ಸೇನಿಯೋ ಕೆವೇದೋ. ಇವನು ಕಸ ಗುಡಿಸೋ ಹೋಟ್ಲಲ್ಲಿ, ಆ ವಕೀಲ ಹೆಸರು ಹೇಳ್ತಿರೋ ಒಬ್ಬ ಮನುಷ್ಯ ಎರಡು ದಿನ ಇಳ್ಕೊಂಡಿದ್ದ. ನಂಗೆ ಬೇಕಾಗಿರೋದು ಇಷ್ಟೆ. ಇವ್ರಿಗೆ ಅಪ್ಪಣೆ ಎಲ್ಲಿಂದ ಬರುತ್ತೆ? ಇವನೇ ನಾಯಕನಾ? ಹೌದು ಅಂದ್ರೆ ಇವನನ್ನ ಎತ್ಕೊಂಡು ಹೋಗಿ ಗಡೀಪಾರಿನ ಶಿಬಿರದಲ್ಲಿಟ್ಟು, ನಮ್ಮ ಮನೆ ನಾವೇ ಗುಡಿಸಿದ್ವಿ ಅಂತ ಮೇಲಿನೋರಿಗೆ ತೋರಿಸ್ತೀನಿ.” ಆಮೇಲೆ ಸಿಗರೇಟು ಹಚ್ಚಿಕೊಂಡು, ಹವಾಮಾನದ ಬಗ್ಗೆ ಹೇಳುವವನಂತೆ ಹೇಳಿದ. “ನಿನ್ನ ತಾಯಿ ವೀಸಾ ಮೆಕ್ಸಿಕೋದಲ್ಲಿ ರೆಡಿ ಇದೆ. ನಾನು ಫೋನ್ ಮಾಡಿದ್ರೆ ಮುಂದಿನ ತಿಂಗಳು ನಿನ್ನ ಅಡಿಗೆಮನೇಲಿ ಇರ್ತಾರೆ. ಒಂದು ಹೆಸ್ರು, ಒನೇಲಿಯೋ. ಈ ಸಲ ಸೊಳ್ಳೆ ಕಥೆ ತರ್ಬೇಡ.”

ಆ ಭಾನುವಾರ ಒನೇಲಿಯೋ ಇಸ್ತ್ರಿ ಮಾಡಿದ ಅಂಗಿ ತೊಟ್ಟುಕೊಂಡು ಹೋದ. ದಾರಿಯುದ್ದಕ್ಕೂ ಅವನ ಕಣ್ಣಿಗೆ ಅಡಿಗೆಮನೆಯೇ ಕಟ್ಟುತ್ತಿತ್ತು. ಒಲೆಯ ಮುಂದೆ ಅಮ್ಮ, ಕರಿ ಬೀನ್ಸ್ ಕಾಳಿನ ಸಾರು, ಅವಳ ಬೈಗುಳ. ಆರ್ಸೇನಿಯೋ ಯಾರೋ ಮುದುಕ, ಊರಿನಲ್ಲಿ ಔಷಧದಂಗಡಿ ಇಟ್ಟಿದ್ದವನು, ಚಿಕ್ಕಂದಿನಲ್ಲಿ ತನಗೆ ಕೆಮ್ಮಿನ ಔಷಧ ಕೊಟ್ಟಿರಬಹುದು, ಅಷ್ಟೆ. ಹಾಗೆಂದು ತನಗೆ ತಾನೇ ಹೇಳಿಕೊಂಡ.

ಅವನು ಬಯಲಿಗೆ ಕಾಲಿಟ್ಟಾಗ ಇನ್ನೂ ಸುತ್ತು ಶುರುವಾಗಿರಲಿಲ್ಲ. ಜನ ಗುಂಪುಗುಂಪಾಗಿ ನಿಂತು ಹರಟುತ್ತಿದ್ದರು. ಅವನನ್ನು ಕಂಡು ಒಮ್ಮೆಗೇ ಮಾತು ನಿಂತಿತು. ಆಮೇಲೆ ಯಾರೋ ಹಿಂದಿನಿಂದ, “ಅಬ್ಬಬ್ಬಾ, ಈ ವರ್ಷ ಸೊಳ್ಳೆ ಜಾಸ್ತಿ ಕಣ್ರಪ್ಪಾ!” ಎಂದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಒನೇಲಿಯೋನ ಕಿವಿ ಕೆಂಪಾಯಿತು.

ಹ್ಯಾಟಿನ ಮುದುಕ ಮುಂದೆ ಬಂದ. ಔಷಧ ಕೊಡುವವರನ್ನೂ ಡಾಕ್ಟರೆಂದೇ ಕರೆಯುವ ಊರು ಅದು. ಹಾಗಾಗಿ ಹೋಟೆಲಿನ ಕಸ ಗುಡಿಸುತ್ತಿದ್ದರೂ ಇಲ್ಲಿ ಅವರು ಡಾಕ್ಟರೇ.

“ಕಂಪನಿ ಕಳಿಸ್ತಾ ಮಗಾ, ನೀನೇ ಬಂದ್ಯಾ?”

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವರ ದನಿಯಲ್ಲಿ ಕೊಂಕಿರಲಿಲ್ಲ.

“ಕಳಿಸಿದ್ರು ಡಾಕ್ಟ್ರೇ.”

“ಕಳಿಸ್ಲಿ ಬಿಡು. ಯಾರು ಕಳಿಸಿದ್ರೇನು, ಬಂದ್ಯಲ್ಲ. ಏನಂತೆ ಅವ್ರಿಗೆ?”

ಒನೇಲಿಯೋ ಹೇಳಿಬಿಟ್ಟ. ಕಹಳೆ, ಮೊಣಕೈ, ಏಳು ಗಂಟೆ, ಎಲ್ಲ. ಸಂಕೇತ ಬಿಡಿಸುವವರು ತಲೆ ಕೆಡಿಸಿಕೊಂಡ ಸಂಗತಿ ಕೇಳಿ ಕಹಳೆಯ ದಪ್ಪ ಮನುಷ್ಯ, ಊರಿನಲ್ಲಿ ಬೇಕರಿ ಇಟ್ಟಿದ್ದವನು, ನಗು ತಡೆಯಲಾರದೆ ನೆಲಕ್ಕೇ ಕೂತ. ಆದರೆ ಡಾಕ್ಟರು ನಗಲಿಲ್ಲ.

“ಎರ್ಮೆಲಿಂದಾ,” ಎಂದು ಕೂಗಿದರು. “ಬಾರಮ್ಮ ಇಲ್ಲಿ. ಕಸಿಲ್ದಾ ಮಗ ಬಂದಿದಾನೆ. ನೀನೇ ಹೇಳು ಅವನಿಗೆ.”

ಒಬ್ಬಳು ಅಗಲ ಮುಖದ ಹೆಂಗಸು ಜನರನ್ನು ಸರಿಸಿಕೊಂಡು ಬಂದಳು. ಅವನ ಎರಡೂ ಕೆನ್ನೆ ಹಿಡಿದು, ಮುಖವನ್ನು ದೀಪದ ಕಂಬದ ಕಡೆ ತಿರುಗಿಸಿ ನೋಡಿದಳು.

“ಹೌದು, ಅದೇ ಮೂಗು. ಲೋ, ಎಲ್ಲಿ ಹಾಳಾಗಿ ಹೋಗಿದ್ಯೋ ಇಷ್ಟು ದಿನ? ನಾನು ಬಂದು ಒಂದೂವರೆ ವರ್ಷ ಆಯ್ತು. ಬಂದ ದಿನದಿಂದ ಕೇಳ್ತಿದೀನಿ, ಕಸಿಲ್ದಾ ಮಗ ಎಲ್ಲಿ, ಕಸಿಲ್ದಾ ಮಗ ಎಲ್ಲಿ ಅಂತ. ಎಲ್ರೂ ಬಾಯಿಗೆ ಬೀಗ ಹಾಕ್ಕೋತಾರೆ.”

“ಅಮ್ಮ ಹೇಗಿದಾಳೆ ಎರ್ಮೆಲಿಂದಕ್ಕ?”

“ನಿಲ್ಲು, ಬರ್ತೀನಿ ಅಲ್ಲಿಗೆ. ಮೊದಲು ಈ ಮೊಣಕೈ ಕಥೆ ಕೇಳು. ಇವ್ರೆಲ್ಲ ಇಲ್ಲಿಗೆ ಬಂದ ಹೊಸತರಲ್ಲಿ ಸುಮ್ನೆ ಮನಸ್ಸಿನ ಸಮಾಧಾನಕ್ಕೆ ಅಂತ ಸುತ್ತು ಶುರು ಮಾಡಿದ್ರು. ಊರಲ್ಲಿ ಯಾರು ಯಾರ ಕೈ ಹಿಡ್ಕೊಂಡು ನಡೀತಿದ್ರು ಅಂತ ಎಲ್ರಿಗೂ ಗೊತ್ತಲ್ಲ. ಡಾಕ್ಟ್ರ ಬಲಗಡೆ ಯಾವಾಗ್ಲೂ ಅವ್ರ ತಮ್ಮ. ಆ ತಮ್ಮ ಅಲ್ಲೇ ಉಳ್ಕೊಂಡ. ಬಲಗೈ ಇಳಿಬಿಟ್ಕೊಂಡು ನಡೆಯೋಕೆ ಇವ್ರಿಗೆ ಮನಸ್ಸು ಬರಲಿಲ್ಲ. ಮಡಚ್ಕೊಂಡೇ ನಡೆದ್ರು. ಅದನ್ನ ನೋಡಿ ಉಳಿದವ್ರೂ ಹಾಗೇ ಮಾಡಿದ್ರು. ಬ್ಯಾಂಡ್‌ನೋರಲ್ಲಿ ದಾಟಿ ಬಂದಿದ್ದು ಈ ದಪ್ಪಣ್ಣ ಒಬ್ನೇ. ಇಲ್ಲಿನ ಯಾವುದೋ ಸ್ಕೂಲಿನೋರು ಎಸೆದಿದ್ದ ಕಹಳೆ ತಂದು ತನ್ನ ಪಾಲಿಂದು ಮಾತ್ರ ಊದ್ತಾನೆ. ಬೇರೆಯವ್ರದು ಬರೋ ಕಡೆ ಬಾಯಿ ಮುಚ್ಕೊಂಡು ಕಾಯ್ತಾನೆ. ಇದು ಇಲ್ಲಿನ ಕಥೆ, ಆಯ್ತಾ?”

“ಆಯ್ತು.”

“ಈಗ ಅಲ್ಲಿಂದು ಕೇಳು. ನಾನು ಅಲ್ಲಿದ್ನಲ್ಲ, ಕಣ್ಣಾರೆ ಕಂಡಿದೀನಿ. ಇವ್ರೆಲ್ಲ ಹೊರಟು ಹೋದ್ಮೇಲೆ ಪಾರ್ಕು ಬಣಗುಟ್ಟೋದು. ಆದ್ರೂ ಭಾನುವಾರ ಸುತ್ತು ಬಿಡಲಿಲ್ಲ. ಡಾಕ್ಟ್ರ ತಮ್ಮ ಎಡಗೈ ಮಡಚ್ಕೊಂಡು ನಡೆಯೋನು. ಯಾಕಯ್ಯಾ ಅಂದ್ರೆ, ಅಣ್ಣನ ಜಾಗ ಅನ್ನೋನು. ನಾವೂ ಎಲ್ಲಾ ಹಾಗೇ. ಬ್ಯಾಂಡ್‌ನೋರು ಹೊಸ ಕಹಳೆಯವನನ್ನ ಸೇರಿಸ್ಕೊಳ್ಳಲೇ ಇಲ್ಲ. ದಪ್ಪಣ್ಣನ ‘ಪೋಂ’ ಬರಬೇಕಾದ ಕಡೆ ಎಲ್ರೂ ಒಂದು ಗಳಿಗೆ ಸುಮ್ನಿರೋರು. ನೀನು ನಂಬ್ತೀಯೋ ಬಿಡ್ತೀಯೋ, ಯಾರೂ ಯಾರಿಗೂ ಹೇಳಿ ಕಳಿಸಿರಲಿಲ್ಲ ಕಣೋ! ಇವ್ರು ಅವ್ರಿಗೆ ಹೇಳಿಲ್ಲ, ಅವ್ರು ಇವ್ರಿಗೆ ಹೇಳಿಲ್ಲ. ನಾನು ವಿಮಾನ ಇಳಿದ ವಾರ ನನ್ನನ್ನ ಇಲ್ಲಿಗೆ ಕರ್ಕೊಂಡು ಬಂದ್ರು. ಡಾಕ್ಟ್ರ ಬಲಗೈ ನೋಡಿದೆ. ಅಯ್ಯೋ ನಮ್ಮಪ್ಪಾ! ಕಾಲಿನ ಕೆಳಗೆ ನೆಲಾನೇ ಇಲ್ದಂಗಾಯ್ತು.”

ಸುತ್ತ ನಿಂತವರು ಆ ಕಥೆಯನ್ನು ಎಷ್ಟು ಸಲ ಕೇಳಿದ್ದರೋ, ಆದರೂ ಮೊದಲ ಸಲ ಕೇಳುವವರಂತೆ ಉಸಿರು ಬಿಗಿಹಿಡಿದು ನಿಂತಿದ್ದರು. ಯಾರೂ ಹೇಳದೆ, ಯಾರೂ ಕೇಳದೆ, ಸಮುದ್ರದ ಎರಡು ದಡದಲ್ಲಿ ಒಂದೇ ಊರಿನ ಎರಡು ತುಂಡು ಒಂದಕ್ಕೊಂದು ಜಾಗ ಬಿಟ್ಟುಕೊಂಡು ನಡೆಯುವುದೆಂದರೇನು! ಆಕಾಶದಿಂದ ಆ ದ್ವೀಪದ ಕಬ್ಬಿನ ಗದ್ದೆಗಳ ಫೋಟೊ ತೆಗೆಯುವ ಕಂಪನಿಗೆ ಇದು ಕಂಡಿರಲಿಲ್ಲ. ಕಂಡಿದ್ದರೂ ಅದು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, ಅಪ್ಪಣೆ ಕೊಟ್ಟವರು ಯಾರು ಎಂದು.

“ಮತ್ತೆ ಏಳು ಗಂಟೆ?” ಎಂದು ಒನೇಲಿಯೋ ಪಿಸುಗುಟ್ಟಿದ.

ಈ ಸಲ ಡಾಕ್ಟರು ಹೇಳಿದರು. “ವಿಷಯ ಗೊತ್ತಾದ್ಮೇಲೆ ಇಬ್ರೂ ಒಂದೇ ಹೊತ್ತಿಗೆ ನಡೆಯೋಣ ಅನ್ನಿಸ್ತು. ಅಲ್ಲಿಂದು ಸಂಜೆ ಆರು, ನಮ್ದೂ ಆರು. ಈ ತಿಂಗಳು ಅಲ್ಲಿ ಬೇಸಿಗೆ ಮುಗೀತು ಅಂತ ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸಿದ್ರು. ಇಲ್ಲಿ ಇನ್ನೂ ತಿರುಗಿಸಿಲ್ಲ. ಅವ್ರಿಗೆ ಆರು ಆದ್ರೆ ನಮಗೆ ಏಳು. ಒಂದು ವಾರ ನಾವು ಗೊತ್ತಿಲ್ದೆ ಒಂದು ಗಂಟೆ ಮೊದಲೇ ನಡೆದು ಮುಗಿಸಿಬಿಟ್ಟಿದ್ವಿ ಮಗಾ. ಹೊಸದಾಗಿ ಬಂದವ್ರು ಹೇಳಿದ್ಮೇಲೆ ನಮ್ಮ ಬೇಕರಿಯವನು ಅತ್ತೇಬಿಟ್ಟ. ಅವನ ಪಾಲು ಅವ್ರ ಬ್ಯಾಂಡಿಗೆ ಹೊಂದಿರೋದೇ ಇಲ್ವಲ್ಲ ಅಂತ.”

“ಅಳ್ದೆ ಇನ್ನೇನು?” ಎಂದ ಬೇಕರಿಯವನು. ಈಗ ಅವನ ಮುಖದಲ್ಲಿ ನಗುವಿರಲಿಲ್ಲ.

ಎರ್ಮೆಲಿಂದಾ ಒನೇಲಿಯೋನ ಕೈ ಹಿಡಿದುಕೊಂಡಳು. “ಈಗ ನಿಮ್ಮಮ್ಮನ ವಿಷಯ. ಯಾವಾಗ್ಲೂ ನನ್ನ ಕೈ ಹಿಡ್ಕೊಂಡು ನಡೀತಿದ್ದ ಕಸಿಲ್ದಾ, ನಿಮ್ಮಪ್ಪ ಸತ್ತಮೇಲೆ ಸುತ್ತು ಬಿಟ್ಟಿದ್ಲು, ಗೊತ್ತಲ್ಲ? ಬೆಂಚ್ ಮೇಲೆ ಕೂತ್ಕೊಂಡು ನೋಡ್ತಿದ್ಲು ಅಷ್ಟೆ. ನಿನ್ನನ್ನ ಜೈಲಿಂದ ಹಾಗೇ ವಿಮಾನ ಹತ್ತಿಸಿ ಕಳಿಸಿದ್ರು ಅಂತ ಸುದ್ದಿ ಬಂತಲ್ಲ, ಆ ಭಾನುವಾರ ಎದ್ಲು ನೋಡು. ಹೆಂಗಸರ ಸಾಲಿಗೆ ಬರ್ತಾಳೆ ಅಂತ ನಾನು ಕೈ ಚಾಚಿದೆ. ನನ್ನ ದಾಟ್ಕೊಂಡು ಹೋದ್ಲು. ನೇರ ಗಂಡಸರ ಸಾಲಿಗೆ ಹೋಗಿ, ನೀನು ನಡೀತಿದ್ದ ಜಾಗದಲ್ಲಿ, ನಿನ್ನ ಗೆಳೆಯರ ಮಧ್ಯ ನಿಂತ್ಲು. ‘ಇದು ನನ್ನ ಮಗನ ಜಾಗ. ಅವನು ಬರೋವರ್ಗೂ ನಾನೇ ಒನೇಲಿಯೋ’ ಅಂದ್ಲು. ಮೊದಮೊದಲು ಜನ ನಕ್ಕರು. ಅವಳು ಮೂತಿ ಬಿಗ್ಕೊಂಡು ನಡೆದೇ ನಡೆದ್ಲು. ಈಗ ನಗೋರಿಲ್ಲ. ಎದುರಾದೋರೆಲ್ಲ ‘ಏನ್ ಒನೇಲಿಯೋ, ಚೆನ್ನಾಗಿದ್ಯಾ?’ ಅಂತಾರೆ. ಇವಳು ಗಂಟಲು ದಪ್ಪ ಮಾಡ್ಕೊಂಡು ‘ಚೆನ್ನಾಗಿದೀನಿ’ ಅಂತಾಳೆ.”

ಒನೇಲಿಯೋ ಅಲ್ಲೇ ಬಯಲಿನಲ್ಲಿ, ಅಷ್ಟು ಜನರ ಮುಂದೆ, ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ಜೈಲಿನಲ್ಲಿ ಅಳದವನು. ತಾನು ಮೇಜುಮೇಜಿಗೆ ಕಿವಿ ಚಾಚಿಕೊಂಡು ತಿರುಗುತ್ತಿದ್ದಾಗ, ಆಚೆ ದಡದಲ್ಲಿ ತನ್ನ ಹೆಸರು ತಲೆಯೆತ್ತಿಕೊಂಡು ನಡೆಯುತ್ತಿತ್ತು.

“ಅವಳಿಗೆ ಬರೋಕೆ ಇಷ್ಟ ಇದ್ಯಾ ಅಕ್ಕ?” ಎಂದು ಕೊನೆಗೆ ಕೇಳಿದ.

“ಇಷ್ಟ ಇಲ್ದೆ? ಪೆಟ್ಟಿಗೆ ಕಟ್ಟಿ ಬಾಗಿಲ ಹಿಂದೇನೇ ಇಟ್ಕೊಂಡಿದಾಳೆ. ನಿನ್ನ ಕೈಯಡಿಗೆ ತಿಂದು ನೀನು ಕಡ್ಡಿ ಆಗಿರ್ತೀಯ ಅಂತ ಕೊರಗ್ತಾಳೆ.”

ಆಗ ಅವನು ಉಳಿದದ್ದನ್ನೂ ಹೇಳಿಬಿಟ್ಟ. ಮೆಕ್ಸಿಕೋದ ವೀಸಾ, ಪ್ರೆಸ್ಕಾಟನ ಫೋನು, ಕೇಳಿದ ಒಂದು ಹೆಸರು. ಯಾರ ಹೆಸರೆಂದು ಮಾತ್ರ ಹೇಳಲು ಬಾಯಿ ಬರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಡಾಕ್ಟರು ಹ್ಯಾಟು ತೆಗೆದು, ಒಳಗಿನ ಬೆವರು ಒರೆಸಿ ಮತ್ತೆ ಹಾಕಿಕೊಂಡರು.

“ನನ್ನ ಹೆಸ್ರು ತಾನೆ? ಕೊಡು. ಕಸಿಲ್ದಮ್ಮ ಬರ್ಲಿ. ನಂಗೇನಾಗ್ಬೇಕು, ಹೋಟ್ಲು ಕಕ್ಕಸು ತೊಳೆಯೋದು ತಪ್ಪುತ್ತೆ. ಶಿಬಿರದಲ್ಲಿ ಊಟ ಹಾಕ್ತಾರಂತೆ.”

ತಮಾಷೆಗೆ ಹೇಳಿದ್ದಲ್ಲ ಅದು. ಒನೇಲಿಯೋ ಆ ಸಣಕಲ ಮುಖವನ್ನೇ ನೋಡಿದ. ತನ್ನನ್ನು ಕೊಟ್ಟುಬಿಡು ಎಂದು ಇಷ್ಟು ಹಗುರವಾಗಿ ಹೇಳುವ ಮನುಷ್ಯನನ್ನು ಅವನು ದಂಡಿನಲ್ಲೂ ಕಂಡಿರಲಿಲ್ಲ, ಜೈಲಿನಲ್ಲೂ ಕಂಡಿರಲಿಲ್ಲ.

“ಹೆಸ್ರು ಕೊಟ್ರೆ ಅಲ್ಲಿಗೆ ನಿಲ್ಲುತ್ತಾ ಡಾಕ್ಟ್ರೇ?” ಎಂದಳು ಎರ್ಮೆಲಿಂದಾ. “ಯಾಕೆ ಏಳು ಗಂಟೆ ಅಂತ ಕೇಳ್ತಾರೆ. ಅಲ್ಲಿ ಆರು ಅದಕ್ಕೆ ಅಂತ ತಿಳ್ಕೋತಾರೆ. ಅಲ್ಲಿ ಯಾರು ಅಂತ ಹುಡುಕ್ತಾರೆ. ಈ ಊರಲ್ಲಿ ಕಂಪನಿ ಕಿವಿ ಇರೋ ಕಡೆ ಕ್ಯೂಬಾ ಸರ್ಕಾರದ ಕಿವೀನೂ ಇರುತ್ತೆ. ಇಲ್ಲಿ ಕೆಮ್ಮಿದ್ರೆ ಹವಾನಾದಲ್ಲಿ ಕೇಳಿಸುತ್ತೆ. ಆಮೇಲೆ ಒಂದು ಭಾನುವಾರ ಅಲ್ಲಿ ನಮ್ಮ ಪಾರ್ಕಿನ ಮುಂದೆ ಪೊಲೀಸ್ ಲಾರಿ ಬಂದು ನಿಲ್ಲುತ್ತೆ. ಗಂಡಸರ ಸಾಲಲ್ಲಿ ನಡೆಯೋ ಹೆಂಗಸನ್ನ ಹುಡುಕೋದು ಕಷ್ಟಾನಾ?”

ಬೇಕರಿಯವನು ಕಹಳೆಯನ್ನು ಹೆಗಲಿಗೇರಿಸಿದ. ಜನ ಸದ್ದಿಲ್ಲದೆ ತಮ್ಮತಮ್ಮ ಜಾಗಕ್ಕೆ ಹೋದರು. ‘ಪೋಂ’ ಎಂದಿತು ಕಹಳೆ. ಆಮೇಲೆ ಮೌನ. ಒನೇಲಿಯೋ ಪಕ್ಕದಲ್ಲಿ ನಿಂತು ನೋಡಿದ. ಆ ಮೌನದಲ್ಲಿ ಒಬ್ಬರೂ ಹೆಜ್ಜೆ ತಪ್ಪುತ್ತಿರಲಿಲ್ಲ. ಮೌನದೊಳಗಿನ ಕ್ಲಾರಿನೆಟ್ಟೂ ತಾಳವೂ ಅವರಿಗೆಲ್ಲ ಕೇಳಿಸುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ, ದೇವರಾಣೆಗೂ, ಅವನಿಗೂ ಕೇಳಿಸಿತು.

ಮಾರನೆಯ ದಿನ ಅದೇ ನದಿ ದಂಡೆ, ಅದೇ ಕಾರು, ಅದೇ ಏರಿಸಿದ ಕಿಟಕಿ.

“ಹೇಳು,” ಎಂದ ಪ್ರೆಸ್ಕಾಟ್. “ಏಳು ಗಂಟೆ ಯಾಕೆ?”

“ಬಿಸಿಲು ಸರ್. ವಯಸ್ಸಾದೋರು. ಹೋದ ತಿಂಗಳು ಒಬ್ರು ತಲೆ ಸುತ್ತಿ ಬಿದ್ರಂತೆ.”

“ಆಗಸ್ಟಲ್ಲಿ ಇಲ್ಲದ ಬಿಸಿಲು ಸೆಪ್ಟೆಂಬರಲ್ಲಿ ಬಂತಾ? ಸರಿ, ಮೊಣಕೈ?”

“ವಾತ.”

“ಎಲ್ರಿಗೂ?”

“ಹೋಟ್ಲು ಕೆಲ್ಸ ಸರ್. ಬಕೆಟ್ ಎತ್ತಿ ಎತ್ತಿ ಕೈ ಹಾಗೇ ನಿಂತ್ಬಿಡುತ್ತೆ.”

“ಕಹಳೆ?”

“ಅವನಿಗೆ ಅಷ್ಟೇ ಬರೋದು.”

ಪ್ರೆಸ್ಕಾಟ್ ದಡ್ಡನಲ್ಲ. ಬಹಳ ಹೊತ್ತು ಅವನ ಮುಖವನ್ನೇ ನೋಡಿದ. ಇನ್ನೂ ಕಾಲ ಮಿಂಚಿರಲಿಲ್ಲ. ಒಂದು ಮಾತು ಅಂದರೆ ಅಮ್ಮನ ಪೆಟ್ಟಿಗೆ ಬಾಗಿಲ ಹಿಂದಿನಿಂದ ಹೊರಡುತ್ತಿತ್ತು. ಪಾರ್ಕಿಗೆ ಲಾರಿ ಬರುವ ಮೊದಲೇ ಅವಳು ಮೆಕ್ಸಿಕೋದಲ್ಲಿರಬಹುದು. ಅವಳೊಬ್ಬಳನ್ನು ಉಳಿಸಿಕೊಳ್ಳಬಹುದು. ಈ ಲೆಕ್ಕಾಚಾರ ರಾತ್ರಿಯೆಲ್ಲ ಅವನನ್ನು ತಿಂದಿತ್ತು. ಡಾಕ್ಟರ ತಮ್ಮ ಎಡಗೈ ಮಡಚಿಕೊಂಡು ಲಾರಿ ಹತ್ತುವುದು ಕಣ್ಣಿಗೆ ಬಂತು. ಊರಿನ ಪಾರ್ಕಿನಲ್ಲಿ ಈಗ ನಿನ್ನ ಜಾಗ ಯಾರು ನೋಡಿಕೊಳ್ಳುತ್ತಿದ್ದಾರೆ ಎಂದು ಅಮ್ಮ ನಾಳೆ ಅಡಿಗೆಮನೆಯಲ್ಲಿ ನಿಂತು ಕೇಳಿದರೆ ಏನು ಹೇಳುವುದು?

“ಒನೇಲಿಯೋ, ಇವ್ರಿಗೆ ಅಪ್ಪಣೆ ಯಾರು ಕೊಡ್ತಾರೆ?”

“ಯಾರೂ ಇಲ್ಲ ಸರ್.”

ಅವನು ಆ ಕಾರಿನಲ್ಲಿ ಆಡಿದ ಅತಿ ದೊಡ್ಡ ಸತ್ಯ ಅದೇ. ಪ್ರೆಸ್ಕಾಟನಿಗೆ ಅದೊಂದೇ ಅಪ್ಪಟ ಸುಳ್ಳಾಗಿ ಕೇಳಿಸಿತು.

“ಐವತ್ತು ಜನ ಒಂದೇ ಹೆಜ್ಜೆ ಇಡ್ತಾರೆ, ಒಂದೇ ಸಲ ಹೊತ್ತು ಬದಲಾಯಿಸ್ತಾರೆ, ಯಾರೂ ಇಲ್ವಂತೆ!” ಎಂದು ಉರಿದುಬಿದ್ದ. ಆಮೇಲೆ ಫೋಟೊಗಳನ್ನು ಒಟ್ಟು ಮಾಡಿ ಹಿಂದಿನ ಸೀಟಿಗೆ ಎಸೆದ. “ಒಳಗಿನೋನ ಸಾಕ್ಷಿ ಇಲ್ದೆ ಆ ಮುದುಕನನ್ನ ಎತ್ತೋ ಹಾಗಿಲ್ಲ. ಆ ವಕೀಲನ ಕಣ್ಣಿಗೆ ಬೀಳೋಕೆ ಇವ್ರು ಲಾಯಕ್ಕಿಲ್ಲ ಅಂತ ಬರೀತೀನಿ. ವಾತ ಹಿಡಿದ ಮುದುಕ್ರು. ಖುಷೀನಾ? ಇವತ್ತಿಂದ ನಿಂಗೆ ಇಲ್ಲಿ ಕೆಲ್ಸ ಇಲ್ಲ. ಆ ವೀಸಾ ಬೇರೆಯವ್ರಿಗೆ ಹೋಗುತ್ತೆ. ನಿನ್ನ ತಾಯಿಗೆ ಏನಂತ ಹೇಳ್ತೀಯ?”

ಒನೇಲಿಯೋ ಕಾರಿನಿಂದ ಇಳಿದ. ಕಾರು ಹೊರಟುಹೋಯಿತು. ಅವನು ಸೇತುವೆಯವರೆಗೆ ಹೇಗೋ ನಡೆದು, ಕಂಬಿ ಹಿಡಿದುಕೊಂಡು ವಾಂತಿ ಮಾಡಿಕೊಂಡ. ಅಮ್ಮಾ, ಅಮ್ಮಾ ಎನ್ನುತ್ತಿದ್ದ, ಸಣ್ಣ ಮಕ್ಕಳ ಹಾಗೆ. ದಾರಿಯಲ್ಲಿ ಹೋಗುವವರು ಕುಡುಕನೆಂದುಕೊಂಡರು.

ಮುಂದಿನ ಭಾನುವಾರ ಅವನು ಬಯಲಿಗೆ ಬಂದಾಗ ಯಾರೂ ಸೊಳ್ಳೆಯ ಮಾತೆತ್ತಲಿಲ್ಲ. ಡಾಕ್ಟರು ಇನ್ನೂ ಇಲ್ಲೇ ಇದ್ದಾರೆಂದರೆ ಮೆಕ್ಸಿಕೋದ ಕಥೆ ಏನಾಯಿತೆಂದು ಎಲ್ಲರಿಗೂ ತಿಳಿದಿತ್ತು. ಗಂಡಸರು ತಮ್ಮ ಸಾಲಿನಲ್ಲಿ ಸರಿದು ಅವನಿಗೆ ಜಾಗ ಮಾಡಿಕೊಟ್ಟರು. ಅವನು ಆ ಜಾಗವನ್ನು ನೋಡಿದ. ಕಡಲಾಚೆ ಅದೇ ಜಾಗದಲ್ಲಿ ಅಮ್ಮ ನಡೆಯುತ್ತಿದ್ದಳು, ಅದು ತುಂಬಿತ್ತು. ಅವನು ಗಂಡಸರ ಸಾಲು ದಾಟಿ ಹೊರಗಿನ ಸುತ್ತಿಗೆ, ಹೆಂಗಸರ ಸಾಲಿಗೆ ಹೋದ. ಎರ್ಮೆಲಿಂದಾಳ ಮಡಚಿದ ಕೈ ಕಸಿಲ್ದಾಳಿಗಾಗಿ ಚಾಚಿಕೊಂಡಿತ್ತು. ಅದರೊಳಗೆ ತನ್ನ ಕೈ ಸೇರಿಸಿದ. ಎರ್ಮೆಲಿಂದಾ ಒಂದು ಸಲ ಅವನ ಮುಖ ನೋಡಿ, ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು.

ಕಹಳೆ ಊದಿತು. ಸಾಲುಗಳು ಹೊರಟವು. ದಂಡೆತ್ತಿ ಹೋಗಿದ್ದ ಆರಡಿ ಆಳು ಹೆಂಗಸರ ನಡುವೆ ಸಣ್ಣ ಸಣ್ಣ ಹೆಜ್ಜೆ ಇಡುವುದನ್ನು ಕಂಡು ಗಂಡಸರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಪಕ್ಕದವರು ತಿವಿದು ಸುಮ್ಮನಾಗಿಸಿದರು. ಅರ್ಧ ಸುತ್ತಾಗುವಾಗ ಡಾಕ್ಟರು ಎದುರಾದರು. ಬಲಗೈ ತಮ್ಮನಿಗಾಗಿ ಮಡಚಿಯೇ ಇತ್ತು. ಎಡಗೈಯಿಂದ ಹ್ಯಾಟು ತೆಗೆದು, ಊರಿನ ಪಾರ್ಕಿನಲ್ಲಿ ಹಿರಿಯ ಹೆಂಗಸರಿಗೆ ಬಾಗುತ್ತಿದ್ದಂತೆ ಬಾಗಿದರು.

“ಏನ್ ಕಸಿಲ್ದಮ್ಮ, ಚೆನ್ನಾಗಿದೀರಾ? ಮಗ ಹೇಗಿದಾನೆ?”

ಒನೇಲಿಯೋ ತಲೆಯೆತ್ತಿ, ಅಮ್ಮ ಹೇಳುವಂತೆಯೇ ಹೇಳಿದ.

“ಚೆನ್ನಾಗಿದಾನೆ ಡಾಕ್ಟ್ರೇ. ಊರಲ್ಲೇ ಇದಾನೆ. ಈಗ ಪಾರ್ಕಲ್ಲಿ ನಡೀತಿದಾನೆ.”